ದಾರಿಯ ಬುತ್ತಿ

ಮೈಸೂರು ಸೀಮೆಯ ಮನೆಗಳಲ್ಲಿ ಮೊಸರನ್ನವೆಂದರೆ ಊಟದ ಮುಕ್ತಾಯ. ಸಾರು, ಹುಳಿ, ಪಾಯಸಗಳೆಲ್ಲ ಮುಗಿದ ಮೇಲೆ, ಎಲೆಯ ಮುಂದಿನಿಂದ ಏಳುವ ಮೊದಲು, ಹೊಟ್ಟೆಗೆ ತಂಪಾಗಲೆಂದು ಕಲಸಿಕೊಳ್ಳುವ ಕೊನೆಯ ನಾಲ್ಕು ತುತ್ತು. ಅದೇ ಅನ್ನ, ಅದೇ ಮೊಸರು ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಕಡೆಗೆ ಬಂದೊಡನೆ ಹೆಸರನ್ನು ಬದಲಿಸಿಕೊಳ್ಳುತ್ತದೆ. ಹೆಸರಿನೊಂದಿಗೆ ಸ್ಥಾನವನ್ನೂ ಬದಲಿಸಿಕೊಳ್ಳುತ್ತದೆ. ಇಲ್ಲಿ ಅದು ‘ಬುತ್ತಿ’. ಊಟದ ಕೊನೆಯಲ್ಲಿರಬೇಕಾದುದು ಪಯಣದ ಮೊದಲಿಗೆ ಬಂದು ನಿಲ್ಲುತ್ತದೆ. ಮನೆಯಲ್ಲಿ ಕುಳಿತು ಉಂಡರೆ ಅದು ಮೊಸರು ಕಲಸಿದ ಅನ್ನ ಮಾತ್ರ. ಅರಿವೆಯಲ್ಲಿ ಕಟ್ಟಿ ಹೊಸಲು ದಾಟಿಸಿದರೆ ಬುತ್ತಿ.

‘ಭುಕ್ತಿ’ ಎಂಬ ಸಂಸ್ಕೃತ ಶಬ್ದವೇ ಕನ್ನಡದ ಬಾಯಲ್ಲಿ ನವೆದು ‘ಬುತ್ತಿ’ಯಾಯಿತೆಂದು ಹೇಳುವುದುಂಟು. ಮೂಲವೇನೇ ಇರಲಿ, ಈ ಮಾತು ಅಡುಗೆಮನೆಯನ್ನು ಬಿಟ್ಟು ಬಹಳ ದೂರ ನಡೆದಿದೆ. ಮಾಡಿದ ದಾನವನ್ನು ಪರಲೋಕದ ಬುತ್ತಿಯೆನ್ನುತ್ತೇವೆ. ಕಲಿಸಿಕೊಟ್ಟ ಬುದ್ಧಿ ಎಷ್ಟು ಕಾಲ ಬಂದೀತು ಎಂದು ಕೇಳುವ ಹಿರಿಯರು ಕಟ್ಟಿಕೊಟ್ಟ ಬುತ್ತಿಯನ್ನೇ ಅದರ ಜೊತೆಗಿಟ್ಟು ಕೇಳುತ್ತಾರೆ. ಮೊಸರನ್ನಕ್ಕೆ ಇಂಥ ಗೌರವ ಒದಗಿಲ್ಲ. ಪರಲೋಕದ ಮೊಸರನ್ನವೆಂದು ಯಾರೂ ಹೇಳಿದ್ದನ್ನು ಕೇಳಿಲ್ಲ!

ಆದರೆ ಒಂದು ಸೋಜಿಗವನ್ನು ಇಲ್ಲಿಯೇ ಗಮನಿಸಬೇಕು. ಬುತ್ತಿಯನ್ನು ಇಷ್ಟು ಪ್ರೀತಿಯಿಂದ ಕಟ್ಟುವ ಈ ಸೀಮೆ ಭತ್ತ ಬೆಳೆಯುವ ಸೀಮೆಯಲ್ಲ. ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಎರೆಭೂಮಿ ಇದು. ಮುಂಗಾರಿಗೆ ಸಜ್ಜೆ, ಹಿಂಗಾರಿಗೆ ಬಿಳಿಜೋಳ, ನಡುವೆ ತೊಗರಿ, ಕಡಲೆ, ಕುಸುಬೆ. ದಿನನಿತ್ಯದ ಊಟವೆಂದರೆ ರೊಟ್ಟಿ. ಅಕ್ಕಿಯೇನಿದ್ದರೂ ಧಾರವಾಡ, ಬೆಳಗಾವಿಗಳ ಪಡುವಣ ಮಗ್ಗುಲಿನಿಂದ, ಖಾನಾಪುರ, ಹಳಿಯಾಳಗಳ ಮಳೆನಾಡಿನಿಂದ ಘಟ್ಟದ ಸೆರಗನ್ನು ಬಿಟ್ಟು ಬರಬೇಕು. ಹೀಗೆ ಬಂದ ಅಕ್ಕಿ ಹಿಂದಿನ ಮನೆಗಳಲ್ಲಿ ದೊಡ್ಡ ಹಗೇವಿಗೆ ಹೋಗುತ್ತಿರಲಿಲ್ಲ; ಸಣ್ಣ ಗಡಿಗೆಯಲ್ಲಿ, ಮನೆಯ ಹಿರಿಯಾಕೆಯ ಕೈಯೆಟುಕಿನಲ್ಲಿ ಇರುತ್ತಿತ್ತು. ಹಬ್ಬಕ್ಕೆ, ಬೀಗರಿಗೆ, ದೇವರಿಗೆ, ಬೇನೆ ಬಿದ್ದವರಿಗೆ ಮಾತ್ರ ಅದನ್ನು ತೆಗೆಯುವರು. ಆದುದರಿಂದ ಅಕ್ಕಿಯ ಬುತ್ತಿಯನ್ನು ಕಟ್ಟಿಕೊಟ್ಟರೆಂದರೆ ಹೋಗುವವನ ಮೇಲೆ ಮನೆಯವರಿಗೆಷ್ಟು ಪ್ರೀತಿಯೆಂಬುದು ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತಿತ್ತು.

ಹಾಗಾದರೆ ದಿನವೂ ಹೊಲಕ್ಕೆ ಹೋಗುತ್ತಿದ್ದ ಬುತ್ತಿಯಲ್ಲಿ ಏನಿರುತ್ತಿತ್ತು? ರೊಟ್ಟಿಯ ಮಡಿಕೆಗಳ ನಡುವೆ ಪುಂಡಿಪಲ್ಯ, ಮೇಲೊಂದು ಹಿಂಡಿಯ ಮುದ್ದೆ, ಉಳ್ಳಾಗಡ್ಡಿ. ಅದರ ಜೊತೆಗೆ ಜೋಳದ ನುಚ್ಚನ್ನು ಕುದಿಸಿ ಮಾಡಿದ ‘ಬಾನ’ಕ್ಕೆ ಮಜ್ಜಿಗೆ ಬೆರೆಸಿದ ಒಂದು ಗಡಿಗೆ. ನವಣೆ ಬೆಳೆದ ವರ್ಷ ನವಣಕ್ಕಿಯ ಅನ್ನ. ನವಣೆಯ ಕಾಳು ಸಣ್ಣದು, ಬಣ್ಣ ಹಳದಿ. ಬೆಂದಾಗ ಉದುರುದುರಾಗಿರುತ್ತದೆ, ಮೊಸರು ಕುಡಿದರೆ ಮೆತ್ತಗಾಗುತ್ತದೆ. ಇದನ್ನುಂಡು ಬೆಳೆದ ಹಿರಿಯರು ಇಂದಿಗೂ, ಅಕ್ಕಿಯ ಬುತ್ತಿ ಹಗುರ, ಮಧ್ಯಾಹ್ನದ ಬಿಸಿಲು ಇಳಿಯುವುದರೊಳಗೆ ಮತ್ತೆ ಹಸಿವು ಎನ್ನುತ್ತಾರೆ. ಅಕ್ಕಿ ಹಬ್ಬ, ನವಣೆ ನಿತ್ಯ ಎಂಬ ಈ ಲೆಕ್ಕ ಎರಡು ಮೂರು ತಲೆಮಾರುಗಳಲ್ಲಿ ತಲೆಕೆಳಗಾಯಿತು. ಅದು ಹೇಗಾಯಿತೆಂಬುದನ್ನು ಮುಂದೆ ನೋಡಬಹುದು; ಮೊದಲು ಬುತ್ತಿಯನ್ನು ಕಟ್ಟುವ ಬಗೆಯನ್ನು ನೋಡೋಣ.

*ಹಾಲಿನ ಲೆಕ್ಕ*

ಅನ್ನಕ್ಕೆ ಮೊಸರು ಸುರಿದು ಕಲಸಿದರಾಯಿತು, ಇದರಲ್ಲಿ ವಿದ್ಯೆಯೇನು ಎಂದು ಕೇಳಬಹುದು. ಮುಂಜಾನೆ ಕಟ್ಟಿದ್ದನ್ನು ಬಾಗಲಕೋಟೆಯ ವೈಶಾಖದ ಬಿಸಿಲಿನಲ್ಲಿ ಮಧ್ಯಾಹ್ನಕ್ಕೆ ಬಿಚ್ಚಿ ತಿಂದು ನೋಡಿದವರು ಹಾಗೆ ಕೇಳಲಾರರು. ಮೊಸರೊಂದನ್ನೇ ಹಾಕಿ ಕಲಸಿದ ಅನ್ನ ಮಧ್ಯಾಹ್ನದ ಹೊತ್ತಿಗೆ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿರುತ್ತದೆ. ಆದುದರಿಂದ ಬಲ್ಲವರು ಹಾಲನ್ನೇ ಹೆಚ್ಚಾಗಿ ಹಾಕುತ್ತಾರೆ. ಅನ್ನವನ್ನು ಎಂದಿಗಿಂತ ಒಂದು ಬಟ್ಟಲು ನೀರು ಹೆಚ್ಚಿಟ್ಟು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಸೌಟಿನ ಬೆನ್ನಿನಿಂದ ಮಿದ್ದು, ಕಾಯಿಸಿದ ಹಾಲನ್ನು ಅದು ಕುಡಿಯುವಷ್ಟು ಕುಡಿಸಿ, ಕೈ ತಾಳುವಷ್ಟು ಆರಿದ ಮೇಲೆ ಎರಡು ಚಮಚೆ ಗಟ್ಟಿಮೊಸರನ್ನು ಹೆಪ್ಪಿನಂತೆ ಬೆರೆಸುವುದು. ಬುತ್ತಿ ದಾರಿಯಲ್ಲಿ ನಡೆಯುತ್ತ ನಡೆಯುತ್ತ ಗಂಟಿನೊಳಗೇ ಮೊಸರಾಗುತ್ತದೆ. ಬಂಡಿ ಹೊರಡುವಾಗ ಹಾಲನ್ನ. ತುಳಸಿಗೇರಿ ಮುಟ್ಟಿ ಹನುಮಪ್ಪನ ದರ್ಶನ ಮುಗಿಯುವ ಹೊತ್ತಿಗೆ ಮೊಸರನ್ನ!

ಇದರ ಹಿಂದಿರುವ ಕಾರಣಗಳನ್ನು ಇಂದಿನ ವಿಜ್ಞಾನ ಸ್ಪಷ್ಟವಾಗಿಯೇ ಹೇಳುತ್ತದೆ. ಬೆಂದ ಅಕ್ಕಿ ತಣ್ಣಗಾದಂತೆ ಅದರೊಳಗಿನ ಪಿಷ್ಟ ಮತ್ತೆ ಬಿಗಿದುಕೊಂಡು ಕಾಳು ಗಡುಸಾಗುತ್ತದೆ. ಬಿಸಿಯಲ್ಲೇ ಮಿದ್ದು ಹಾಲು ಕುಡಿಸಿದರೆ ಆ ಗಡಸು ಅಷ್ಟಾಗಿ ತೋರದು. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತ, ಅನ್ನವನ್ನು ಕೆಡಿಸುವ ಇತರ ಜೀವಿಗಳು ಬೆಳೆಯದಂತೆ ತಡೆಯುತ್ತವೆ. ಮೊಸರನ್ನು ಸುಡು ಸುಡು ಅನ್ನಕ್ಕೆ ಹಾಕಿದರೆ ಈ ಉಪಕಾರಿಗಳೇ ಸತ್ತುಹೋಗುತ್ತವೆ. ಅನ್ನ ತೀರ ಆರಿದ ಮೇಲೆ ಹಾಕಿದರೆ ಅವುಗಳ ಕೆಲಸ ನಿಧಾನವಾಗುತ್ತದೆ. ‘ಕೈ ತಾಳುವಷ್ಟು’ ಎಂಬ ಅಜ್ಜಿಯ ಅಳತೆಗೆ ಉಷ್ಣಮಾಪಕದ ಹಂಗಿಲ್ಲ.

ಇನ್ನು ಒಗ್ಗರಣೆ. ಇಲ್ಲಿ ಮನೆಮನೆಗೂ ದಾರಿ ಬೇರೆ. ಲಿಂಗಾಯತರ ಹಾಗೂ ಇತರ ಒಕ್ಕಲುಮನೆಗಳಲ್ಲಿ ಬಳ್ಳೊಳ್ಳಿ, ಜೀರಿಗೆ, ಹಸಿಮೆಣಸಿನಕಾಯಿಗಳನ್ನು ಜಜ್ಜಿ, ಶೇಂಗಾ ಎಣ್ಣೆಯಲ್ಲಿ ಕರಿಬೇವಿನೊಂದಿಗೆ ಚಟಪಟಗುಟ್ಟಿಸಿ ಹಾಕುತ್ತಾರೆ. ವೈಷ್ಣವ ಬ್ರಾಹ್ಮಣರ ಮನೆಗಳಲ್ಲಿ ಬಳ್ಳೊಳ್ಳಿಗೆ ಪ್ರವೇಶವಿಲ್ಲ. ಅಲ್ಲಿ ಇಂಗು, ಹಸಿಶುಂಠಿಗಳ ಆಳ್ವಿಕೆ. ನಂಚಿಕೊಳ್ಳಲು ಅಗಸಿಹಿಂಡಿ, ಗುರೆಳ್ಳುಹಿಂಡಿ, ಕೆಂಪು ರಂಜಕ; ಮೊಸರಿನಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ ಇದ್ದರಂತೂ ಬೇರೇನೂ ಬೇಡ. ಬಾಳೆಯೆಲೆ ಈ ಬಯಲಿನಲ್ಲಿ ದುರ್ಲಭವಾದುದರಿಂದ ಮುತ್ತುಗದ ಎಲೆಯನ್ನು ಹಾಸಿ, ಮೇಲೆ ನೀರಿನಲ್ಲಿ ತೋಯಿಸಿ ಹಿಂಡಿದ ಬಿಳಿಯ ಅರಿವೆಯಲ್ಲಿ ಗಂಟು ಕಟ್ಟುತ್ತಿದ್ದರು. ಒದ್ದೆಯರಿವೆ ಗಾಳಿಗೆ ಆರುತ್ತ ಒಳಗಿನ ಗಂಟನ್ನು ತಂಪಾಗಿಡುತ್ತಿತ್ತು. ಮುಂದೆ ಹಿತ್ತಾಳೆಯ ಡಬ್ಬಿ ಬಂತು, ಆಮೇಲೆ ಸ್ಟೀಲಿನದು. ಡಬ್ಬಿಯಲ್ಲಿ ಬುತ್ತಿ ಚೆಲ್ಲುವುದಿಲ್ಲವೆಂಬುದು ನಿಜ; ಬೆವರುತ್ತದೆ ಎಂಬುದೂ ನಿಜ.

ಎರಡು ದಿನಕ್ಕೆ ಮೀರಿದ ಪಯಣವಾದರೆ ಮೊಸರಿನ ಬುತ್ತಿ ನಡೆಯದು. ಆಗ ಹುಳಿಬುತ್ತಿ. ಹುಣಿಸೆಯ ರಸವನ್ನು ಬೆಲ್ಲ, ಒಣಮೆಣಸಿನಕಾಯಿ, ಹುರಿದ ಎಳ್ಳಿನ ಪುಡಿಗಳೊಡನೆ ಎಣ್ಣೆ ಬಿಡುವ ತನಕ ಕುದಿಸಿ ಗಟ್ಟಿ ಗೊಜ್ಜು ಮಾಡಿ, ಉದುರು ಅನ್ನಕ್ಕೆ ನೀರು ಸೋಕಿಸದೆ ಕಲಸುವುದು. ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯ ಪುಳಿಯೋಗರೆಯ ಕೀರ್ತಿ ನಾಡಿಗೆಲ್ಲ ಹಬ್ಬಿರುವಾಗ ಎರೆನಾಡಿನ ಈ ಬಡ ಸೋದರಿಯನ್ನು ಕೇಳುವವರಿಲ್ಲ. ಮೇಲುಕೋಟೆಯದರಲ್ಲಿ ಮೆಣಸು, ಮಸಾಲೆಗಳ ಗಾಂಭೀರ್ಯ. ಇಲ್ಲಿಯದರಲ್ಲಿ ಎಳ್ಳು, ಶೇಂಗಾಗಳ ಸಲಿಗೆ. ತಾರತಮ್ಯ ಮಾಡುವ ಅಗತ್ಯವಿಲ್ಲ. ಆದರೂ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೊರಟವನ ಹೆಗಲ ಮೇಲೆ ಇದ್ದದ್ದು ಎರಡನೆಯದು.

*ಅತ್ತೆಯ ಬುತ್ತಿ, ಸೊಸೆಯ ಮೊಸರನ್ನ*

ರಾಜ್ಯ ಒಂದಾದ ಮೇಲೆ, ಅಂದರೆ 1956ರ ನಂತರ, ನೌಕರಿಯ ವರ್ಗಾವರ್ಗಿಗಳಿಂದಲೂ ಮದುವೆಗಳಿಂದಲೂ ಹಳೆಯ ಮೈಸೂರಿನ ಮೊಸರನ್ನ ಮತ್ತು ಮುಂಬಯಿ ಕರ್ನಾಟಕದ ಬುತ್ತಿ ಒಂದೇ ಒಲೆಯ ಮುಂದೆ ಎದುರುಬದುರಾಗುವ ಪ್ರಸಂಗಗಳು ಬಂದವು. ಮೈಸೂರಿನ ಕಡೆಯಿಂದ ಬಾಗಲಕೋಟೆಗೆ ಬಂದ ಸೊಸೆ ಮೊಸರನ್ನಕ್ಕೆ ಸಾಸಿವೆ, ಉದ್ದಿನಬೇಳೆ, ಕಡಲೆಬೇಳೆಗಳ ಒಗ್ಗರಣೆ ಕೊಟ್ಟು, ಕೊತ್ತಂಬರಿ, ಸೌತೆಕಾಯಿಗಳನ್ನು ಹೆಚ್ಚಿ ಹಾಕಿ, ಮೇಲೆ ದ್ರಾಕ್ಷಿ, ದಾಳಿಂಬೆಗಳಿಂದ ಸಿಂಗರಿಸಿ ಮುಂದಿಟ್ಟರೆ, ಅತ್ತೆಯವರು ಒಂದು ಕ್ಷಣ ನೋಡಿ, “ಚಲೋ ಕಾಣಸ್ತೈತಿ ತಾಯಿ. ಆದ್ರ ಇದನ್ನ ಉಣ್ಣೂದೋ, ದೇವರ ಮುಂದ ಇಡೂದೋ?” ಎಂದು ಕೇಳುವುದು ಸಹಜವೇ. ಸೊಸೆಯೂ ಸುಮ್ಮನಿರುವವಳಲ್ಲ: “ಬೆಳ್ಳುಳ್ಳಿ ಹಾಕಿದರೆ ಅದು ಮೊಸರನ್ನ ಹೇಗಾಗುತ್ತೆ ಅತ್ತೆ?” ಇಬ್ಬರ ಮಾತಿನಲ್ಲೂ ನ್ಯಾಯವುಂಟು. ಮೈಸೂರಿನದು ಕುಳಿತು ಉಣ್ಣುವ ಅನ್ನ, ಅಲ್ಲಿ ಅಂದಕ್ಕೆ ಎಡೆಯಿದೆ. ಬಾಗಲಕೋಟೆಯದು ನಡೆಯುವ ಅನ್ನ; ದ್ರಾಕ್ಷಿಯೂ ಸೌತೆಯೂ ದಾರಿಯಲ್ಲಿ ನೀರೊಡೆದು ಬುತ್ತಿಯನ್ನು ಕೆಡಿಸಿಬಿಡುತ್ತವೆ. ಬಳ್ಳೊಳ್ಳಿಯ ವಿಚಾರ ಮಾತ್ರ ಅವರವರ ಮನೆತನಕ್ಕೆ ಬಿಟ್ಟದ್ದು.

ಘಟ್ಟದ ಕೆಳಗಿನವರಿಗೆ ಈ ಜಗಳದ ಗೊಡವೆಯೇ ಇಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳ ಕುಚ್ಚಲಕ್ಕಿ ಎಷ್ಟು ಬೆಂದರೂ ಮಿದಿಯಲು ಒಪ್ಪದ ಕಾಳು. ಅಲ್ಲಿ ಅದು ತಿಳಿಯೊಡನೆ ಗಂಜಿಯಾಗಿ, ಮೇಲೊಂದು ಸೌಟು ಮೊಸರಿನೊಡನೆ ಊಟವಾಗುತ್ತದೆ. ಮಲೆನಾಡಿನವರ ಮಜ್ಜಿಗೆಯನ್ನಕ್ಕೆ ಅಪ್ಪೆಮಿಡಿಯ ಉಪ್ಪಿನಕಾಯಿ ಜೊತೆಯಿದ್ದರೆ ಒಗ್ಗರಣೆ ಬೇಕಾಗಿಲ್ಲ. ದಿನವೂ ಮೂರು ಹೊತ್ತು ಅನ್ನವನ್ನೇ ಉಣ್ಣುವವರು ಅನ್ನವನ್ನು ಸಿಂಗರಿಸುವುದು ಕಡಿಮೆಯೆಂದು ತೋರುತ್ತದೆ. ಮೂಡಣ ಕಡಲತೀರದ ಒಡಿಶಾದಲ್ಲಿಯೂ ಬಂಗಾಳದಲ್ಲಿಯೂ ರಾತ್ರಿಯ ಅನ್ನವನ್ನು ನೀರಿನಲ್ಲಿ ಹುಳಿಯಿಸಿ ಪಖಾಳ, ಪಾಂತಾಭಾತ್ ಎಂದು ಉಣ್ಣುವವರು ಬಿಸಿಲನ್ನು ಗೆಲ್ಲಲು ಇದೇ ಉಪಾಯವನ್ನು ಕಂಡುಕೊಂಡಿದ್ದಾರೆ. ಹಾಲಿನ ಬದಲು ನೀರು, ಅಷ್ಟೇ.

*ಗ್ರಂಥಗಳಲ್ಲಿ, ಗುಡಿಗಳಲ್ಲಿ*

ಅನ್ನ, ಮೊಸರುಗಳ ನಂಟು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ವೈದ್ಯಗಳ ಜೊತೆಗೆ ಸೂಪಶಾಸ್ತ್ರಕ್ಕೂ ಒಂದು ಭಾಗ ಮೀಸಲು. ಮನೆ ಕಟ್ಟುವುದನ್ನು ಕಲಿಸುವ ಗ್ರಂಥವೇ ಅಡುಗೆ ಮಾಡುವುದನ್ನೂ ಕಲಿಸಬೇಕೆಂದು ತಿಳಿದ ಆ ಪಂಡಿತನ ವಿವೇಕ ದೊಡ್ಡದು. ಅದೇ ವಂಶದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸಂಸ್ಕೃತದಲ್ಲಿದ್ದರೂ ಅದರ ‘ಅನ್ನಭೋಗ’ ಪ್ರಕರಣ ಹನ್ನೆರಡನೆಯ ಶತಮಾನದ ಈ ನಾಡಿನ ಅರಮನೆಯ ಊಟವನ್ನೇ ಬಡಿಸುತ್ತದೆ. ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೇ ರಚಿಸಿ, ಅನ್ನದ ಪಾಕಗಳಿಗೆಂದು ಒಂದು ಅಧ್ಯಾಯವನ್ನು ಮೀಸಲಿಟ್ಟ. ಆದರೆ ಇವೆಲ್ಲ ಕುಳಿತು ಉಣ್ಣುವವರಿಗಾಗಿ ಬರೆದ ಗ್ರಂಥಗಳು. ಹೊಲದ ಬದುವಿನ ಮೇಲೆ ಬಿಚ್ಚುವ ಗಂಟಿನ ಶಾಸ್ತ್ರ ಹೆಂಗಸರ ಕೈಯಲ್ಲಿಯೇ ಉಳಿಯಿತು.

ಭಾಗವತದ ದಶಮಸ್ಕಂಧವನ್ನು ಬಲ್ಲವರಿಗೆ ಯಮುನೆಯ ಮರಳಿನ ಮೇಲೆ ಗೋಪಬಾಲಕರ ನಡುವೆ ಕುಳಿತು ಎಡಗೈಯಲ್ಲಿ ತುತ್ತನ್ನು ಹಿಡಿದ ಬಾಲಕೃಷ್ಣನ ಚಿತ್ರ ನೆನಪಿರಬೇಕು. ಬುತ್ತಿಯ ಊಟದ ಅತಿ ಪ್ರಸಿದ್ಧ ಚಿತ್ರವೆಂದರೆ ಅದೇ. ಪ್ರತಿಯೊಬ್ಬನೂ ತನ್ನ ತನ್ನ ಮನೆಯ ಗಂಟನ್ನು ಬಿಚ್ಚಿ, ಇನ್ನೊಬ್ಬನ ಗಂಟಿನಲ್ಲಿ ಏನಿದೆಯೆಂದು ನೋಡುವ ಆ ಕುತೂಹಲ ಇಂದಿಗೂ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಕಾಣಸಿಗುತ್ತದೆ. ಪಂಢರಪುರದ ಆಷಾಢಯಾತ್ರೆಯ ಕೊನೆಗೆ ಹುಣ್ಣಿಮೆಯ ದಿನ ನಡೆಯುವ ‘ಗೋಪಾಳಕಾಲಾ’ ಇದರ ಸ್ಮರಣೆಯೇ: ಜೋಳದ ಅರಳು, ಅವಲಕ್ಕಿ, ಮೊಸರುಗಳನ್ನು ಎಲ್ಲರದೂ ಒಂದಾಗುವಂತೆ ಕಲಸಿ ಹಂಚುವುದು. ವಿಜಯಪುರ, ಬಾಗಲಕೋಟೆ, ಬೆಳಗಾವಿಗಳ ಹಳ್ಳಿಗಳಿಂದ ವಾರಿಗೆ ಹೋಗಿ ಬಂದವರು ತಮ್ಮ ಊರಿನ ಭಜನೆಯ ಸಪ್ತಾಹಗಳಿಗೂ ಈ ಪದ್ಧತಿಯನ್ನು ತಂದಿದ್ದಾರೆ.

ಬಾಗಲಕೋಟೆಗೂ ಮಜ್ಜಿಗೆಗೂ ಇನ್ನೊಂದು ಸಂಬಂಧವಿದೆ. ಹರಿದಾಸರಲ್ಲಿ ಗಣ್ಯರಾದ ಪ್ರಸನ್ನವೆಂಕಟದಾಸರು (1680–1752) ಈ ಊರಿನವರು. ತಂದೆತಾಯಿಯರನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದ ಹುಡುಗ ಒಂದು ದಿನ ದಣಿದು ಬಂದು ಅತ್ತಿಗೆಯನ್ನು ಮಜ್ಜಿಗೆ ಕೇಳಿದನಂತೆ. ಬಂದದ್ದು ಮಜ್ಜಿಗೆಯಲ್ಲ, ಬಿರುನುಡಿ. ಆ ಮಾತಿನ ನೋವಿನಲ್ಲಿ ಮನೆ ಬಿಟ್ಟು ತಿರುಪತಿಯ ಯಾತ್ರಿಕರ ಹಿಂದೆ ನಡೆದುಹೋದವನು ದಾಸನಾಗಿ ಹಿಂದಿರುಗಿದನೆಂಬ ಕಥೆ ಪ್ರಚಲಿತವಾಗಿದೆ. ಆ ತಿರುಮಲೆಯಲ್ಲಿ ಸಾವಿರ ಭಕ್ಷ್ಯಗಳಿದ್ದರೂ ಗರ್ಭಗುಡಿಯ ಹೊಸ್ತಿಲನ್ನು ದಾಟಿ ಸ್ವಾಮಿಯ ಬಳಿಗೆ ಹೋಗುವುದು ಹೊಸ ಮಣ್ಣಿನ ಓಡಿನಲ್ಲಿಟ್ಟ ಮೊಸರನ್ನವೆಂಬುದನ್ನು ಇಲ್ಲಿ ನೆನೆಯಬಹುದು. ಮಜ್ಜಿಗೆ ದೊರೆಯದ ಮನೆಯಿಂದ ಹೊರಟ ಹುಡುಗ ಮೊಸರನ್ನವುಣ್ಣುವ ದೇವರ ಬಳಿಗೇ ಹೋದನೆಂದರೆ ಕಥೆ ಕಟ್ಟಿದವರ ಜಾಣ್ಮೆಯನ್ನು ಮೆಚ್ಚಬೇಕು.

ಉತ್ತರ ಕರ್ನಾಟಕದ ಹಲವು ಗುಡಿಗಳಲ್ಲಿ ‘ಬುತ್ತಿಪೂಜೆ’ ಎಂಬುದೊಂದುಂಟು. ದೇವರ ಮೂರ್ತಿಗೆ ಮೊಸರು ಕಲಸಿದ ಅನ್ನವನ್ನೇ ಲೇಪಿಸಿ ಅಲಂಕರಿಸುವುದು. ಪೂಜೆ ಮುಗಿದ ಮೇಲೆ ಅದೇ ಪ್ರಸಾದ. ಗಂಧದಂತೆ ಅನ್ನವನ್ನು ಮೈಗೆ ಹಚ್ಚುವ ಈ ಪೂಜೆ ಅಕ್ಕಿ ಅಪರೂಪವಾಗಿದ್ದ ನಾಡಿನಲ್ಲಿ ಹುಟ್ಟಿತೆಂಬುದು ಅರ್ಥಪೂರ್ಣವಾಗಿದೆ.

ಬಾಗಲಕೋಟೆಯಿಂದ ಕಲಾದಗಿಯ ಕಡೆಗೆ ಹೋಗುವ ದಾರಿಯಲ್ಲಿರುವ ತುಳಸಿಗೇರಿ ಹನುಮಂತನ ಊರು. ಈ ಭಾಗದಲ್ಲಿ ತುಳಸಿಗೇರಪ್ಪ, ತುಳಸಿಗಿರೀಶ ಎಂಬ ಹೆಸರುಗಳು ಎಷ್ಟು ಮನೆಗಳಲ್ಲಿವೆಯೆಂಬುದನ್ನು ನೋಡಿದರೆ ಈ ದೇವರ ನಡೆ ಎಲ್ಲಿಯವರೆಗೆ ಹಬ್ಬಿದೆಯೆಂಬುದು ತಿಳಿಯುತ್ತದೆ. ಶನಿವಾರಗಳಂದು ನಡೆದು ಬರುವ ಭಕ್ತರು ಗುಡಿಯ ಸುತ್ತ ನೆರಳು ಕಂಡಲ್ಲಿ ಕುಳಿತು ಗಂಟು ಬಿಚ್ಚುತ್ತಾರೆ. ಕಲಾದಗಿ 1885ರ ಸುಮಾರಿನವರೆಗೂ ಜಿಲ್ಲೆಯ ಮುಖ್ಯ ಪಟ್ಟಣವಾಗಿತ್ತು. ಕಚೇರಿಗಳು ವಿಜಾಪುರಕ್ಕೆ ಹೋದ ಮೇಲೆ ಅದಕ್ಕುಳಿದದ್ದು ತೋಟಗಳ ಹೆಸರು. ಘಟಪ್ರಭೆಯ ದಂಡೆಯ ಆ ತೋಟಗಳ ನಿಂಬೆಯ ಉಪ್ಪಿನಕಾಯಿ ಬುತ್ತಿಯ ಪಕ್ಕದಲ್ಲಿರಬೇಕೆಂಬುದು ಸುತ್ತಲಿನವರ ಹಟ. ಹಟ ನ್ಯಾಯವಾದುದೇ.

ಬನಶಂಕರಿಯ ಜಾತ್ರೆಯ ಸೊಗಸೇ ಬೇರೆ. ಬಾದಾಮಿಯ ಬಳಿಯ ಈ ದೇವಿ ಶಾಕಾಂಬರಿ. ಪುಷ್ಯ ಮಾಸದ ಬನದ ಹುಣ್ಣಿಮೆಯ ಹಿಂದಿನ ದಿನ ನೂರೆಂಟು ಬಗೆಯ ಕಾಯಿಪಲ್ಯಗಳ ನೈವೇದ್ಯವಾಗುವ ‘ಪಲ್ಯದ ಹಬ್ಬ’. ಹುಣ್ಣಿಮೆಗೆ ತೇರು. ಆ ಮೇಲೆ ತಿಂಗಳ ತನಕ ನಾಟಕ ಕಂಪನಿಗಳ ಡೇರೆಗಳು ನಿಂತಿರುತ್ತವೆ. ಸವಾರಿ ಬಂಡಿ ಕಟ್ಟಿಕೊಂಡು ಬರುತ್ತಿದ್ದ ಕಾಲದಲ್ಲಿ ಮೊದಲ ದಿನ ಮೊಸರುಬುತ್ತಿ, ಎರಡನೆಯ ದಿನ ಹುಳಿಬುತ್ತಿ, ಮೂರನೆಯ ದಿನ ಕಟಕರೊಟ್ಟಿ ಎಂಬ ಲೆಕ್ಕವಿತ್ತು. ಬುತ್ತಿ ತಾರದವರ ಪಾಲಿಗೆ ಸುತ್ತಲಿನ ಹಳ್ಳಿಯ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ: ರೊಟ್ಟಿ, ಪಲ್ಯ, ಹಿಂಡಿ, ಮಣ್ಣಿನ ಪುಟ್ಟ ಕುಡಿಕೆಗಳಲ್ಲಿ ಕೆನೆಮೊಸರು. ಇದು ಜಾತ್ರೆಗಷ್ಟೇ ಸೀಮಿತವಲ್ಲ; ಬಾದಾಮಿಯ ಗುಹೆಗಳನ್ನೂ ಪಟ್ಟದಕಲ್ಲಿನ ಗುಡಿಗಳನ್ನೂ ನೋಡಲು ಬಂದ ದೂರದ ಪ್ರವಾಸಿಗಳು ಮಣ್ಣಿನ ವಾಸನೆಯ ಆ ಗಟ್ಟಿಮೊಸರನ್ನು ತಿಂದು, ಆರನೆಯ ಶತಮಾನದ ಶಿಲ್ಪವನ್ನು ಮರೆತರೂ ಅದನ್ನು ಮರೆಯದೆ ಹೋಗುತ್ತಾರೆ. ಹೊಳಪು ಲೇಪಿಸದ ಸುಟ್ಟ ಮಣ್ಣು ಮೊಸರಿನ ನೀರನ್ನು ಹೀರಿಕೊಳ್ಳುವುದರಿಂದ ಅದು ಅಷ್ಟು ಗಟ್ಟಿ.

*ಹೊಲದಲ್ಲಿ ಚೆಲ್ಲುವ ಅನ್ನ*

ಬುತ್ತಿಯ ನಿಜವಾದ ಹಬ್ಬಗಳು ಎರಡು: ಆಶ್ವಯುಜದ ಸೀಗಿ ಹುಣ್ಣಿಮೆ, ಮಾರ್ಗಶಿರದ ಎಳ್ಳ ಅಮಾವಾಸ್ಯೆ. ಮುಂಗಾರಿ ಬೆಳೆ ಮಾಗುವಾಗ ಮೊದಲನೆಯದು, ಹಿಂಗಾರಿ ಜೋಳ ಎದೆಯೆತ್ತರ ನಿಂತಾಗ ಎರಡನೆಯದು. ಹೊಲ ಆಗ ಬಸುರಿ. ಮನೆಯ ಬಸುರಿಗೆ ತವರಿನಿಂದ ಬಯಕೆಯ ಬುತ್ತಿ ಬರುವಂತೆ ಹೊಲಕ್ಕೆ ಮನೆಯಿಂದ ಬುತ್ತಿ ಹೋಗಬೇಕು. ಮೊಸರುಬುತ್ತಿ, ಹುಳಿಬುತ್ತಿ, ಚಿತ್ರಾನ್ನ, ಸಜ್ಜೆಯ ರೊಟ್ಟಿ, ಜೋಳದ ಕಡುಬು, ಬದನೆಯ ಎಣಗಾಯಿ, ಶೇಂಗಾ ಹೋಳಿಗೆ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಇಡೀ ಮನೆತನ ಹೊಲಕ್ಕೆ ನಡೆಯುತ್ತದೆ. ಬನ್ನಿಯ ಮರದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಬಳಿಕ ಒಬ್ಬ ಮುಂದೆ ಅನ್ನವನ್ನು ಚೆಲ್ಲುತ್ತ ಕೂಗುತ್ತಾನೆ, ಇನ್ನೊಬ್ಬ ಹಿಂದೆ ನೀರು ಚಿಮುಕಿಸುತ್ತ ಮಾರ್ದನಿ ಕೊಡುತ್ತಾನೆ. ಇದೇ ಚರಗ. ಇಲಿ, ಹಕ್ಕಿ, ಇರುವೆಗಳ ಪಾಲು ಅವುಗಳಿಗೆ ಸಂದ ಮೇಲೆ ಮನುಷ್ಯರ ಊಟ. ನೆರೆಹೊಲದವರನ್ನು ಕರೆಯದೆ ಉಣ್ಣುವಂತಿಲ್ಲ. ಕಲಬುರಗಿ, ಬೀದರಗಳ ಕಡೆ ಇದೇ ದಿನ ಹಸಿಕಾಳು ಸೊಪ್ಪುಗಳ ಭಜ್ಜಿ, ಜೋಳದ ಅಂಬಲಿಗಳ ಭೋಜನ; ಊರಿಗೆ ಊರೇ ಹೊಲದಲ್ಲಿ.

ಇಂಥ ಚರಗಕ್ಕೆ ಈಗ ಬಂದಿರುವ ತೊಂದರೆ ಅನ್ನದ್ದಲ್ಲ, ಹೊಲದ್ದು. ಆಲಮಟ್ಟಿಯಲ್ಲಿ 1964ರಲ್ಲಿ ಲಾಲಬಹಾದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಣೆಕಟ್ಟು ಪೂರ್ಣಗೊಂಡು ಕೃಷ್ಣೆಯ ನೀರು ಹಿಂದಕ್ಕೆ ಘಟಪ್ರಭೆಯೊಳಗೂ ಏರಿ ನಿಂತಾಗ ಹಳೆಯ ಬಾಗಲಕೋಟೆಯ ಓಣಿಗಳೂ ನದಿದಂಡೆಯ ಹಳ್ಳಿಗಳೂ ಮುಳುಗಿದವು. ಮುಳುಗಿದ ಭೂಮಿ ಸಾಮಾನ್ಯದ್ದಲ್ಲ. ಮಳೆ ಕೈಕೊಟ್ಟ ವರ್ಷವೂ ಜೋಳ ಕೊಡುತ್ತಿದ್ದ ದಂಡೆಯ ಕರಿಮಣ್ಣು. ಪರಿಹಾರದ ಹಣ ಬಂತು, ಹೊಸ ಊರು ಬಂತು. ನವನಗರದ ರಸ್ತೆಗಳು ಅಗಲವಾಗಿವೆ, ಸೆಕ್ಟರುಗಳಿಗೆ ಅಂಕಿಗಳಿವೆ. ಅಂಕಿಯಿರುವ ನಿವೇಶನದಲ್ಲಿ ಚರಗ ಚೆಲ್ಲುವುದೆಲ್ಲಿ? ಬಯಲುಸೀಮೆಯ ಒಣ ಭೂಮಿಗಳಿಗೆ ಕೃಷ್ಣೆಯ ನೀರು ಬೇಕಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ನೀರಿಗೆ ತಮ್ಮ ಹೊಲವನ್ನು ತೆತ್ತವರ ಲೆಕ್ಕ ಪರಿಹಾರದ ಕಡತದಲ್ಲಿ ಮುಗಿದಷ್ಟು ಸುಲಭವಾಗಿ ಎಳ್ಳ ಅಮಾವಾಸ್ಯೆಯ ಮುಂಜಾನೆ ಮುಗಿಯುವುದಿಲ್ಲ.

ಕಾಲುವೆ ಬಂದ ಕಡೆಗಳಲ್ಲಿ ಇನ್ನೊಂದು ಬಗೆಯ ಬದಲಾವಣೆ. ಮುಧೋಳ, ಜಮಖಂಡಿಗಳ ದಿಕ್ಕಿಗೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಕಬ್ಬಿಗೆ ತೆನೆಯಿಲ್ಲ, ಅದು ಬಸುರಿಯಾಗುವುದಿಲ್ಲ. ಅದಕ್ಕೆ ಬಯಕೆಯ ಬುತ್ತಿ ಹೇಗೆ? ಆದರೂ ಕಬ್ಬಿನ ಸಾಲಿನಲ್ಲಿಯೇ ಚರಗ ಚೆಲ್ಲುವವರಿದ್ದಾರೆ. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದವು. ದನಗಳಿಲ್ಲದ ಮನೆಯಲ್ಲಿ ಹೆಪ್ಪಿನ ಗಡಿಗೆ ಖಾಲಿಯಾಯಿತು, ಮೊಸರು ಪ್ಯಾಕೆಟ್ಟಿನಲ್ಲಿ ಬಂತು.

ಅಕ್ಕಿಯ ಕಥೆಯೂ ಇದೇ ಕಾಲದ್ದು. 1953ರಲ್ಲಿ ತುಂಗಭದ್ರೆಯ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರುಗಳ ಬಯಲು ಭತ್ತದ ಕಣಜವಾಯಿತು. ಮುಂ ದೆ ಅಲ್ಲಿಂದ ಬಂದ ಸೋನಾಮಸೂರಿ ಹಳೆಯ ಅಂಬೆಮೋರಿ ಅಕ್ಕಿಯ ಜಾಗವನ್ನು ಹಿಡಿಯಿತು. ಅಂಬೆಮೋರಿ ಮಾವಿನ ಹೂವಿನ ಕಂಪಿನದು, ಬೆಂದರೆ ಅಂಟುವುದು, ಬುತ್ತಿಗೆಂದೇ ಹುಟ್ಟಿದಂಥದು. ಸೋನಾಮಸೂರಿ ಚಿತ್ರಾನ್ನಕ್ಕೆ ಸರಿ. ಬುತ್ತಿಗೆ ಅದನ್ನು ಎರಡು ಪಟ್ಟು ಬೇಯಿಸಿ ಮಿದಿಯಬೇಕು. 2013ರ ಜುಲೈಯಲ್ಲಿ ‘ಅನ್ನಭಾಗ್ಯ’ ಯೋಜನೆ ಬಂದಾಗ ಬಡವರ ಮನೆಗೂ ತಿಂಗಳಿಗೆ 30 ಕಿಲೋಗ್ರಾಮಿನವರೆಗೆ ಅಕ್ಕಿ, ಕಿಲೋಗೆ ಒಂದು ರೂಪಾಯಿಯಂತೆ ಬರತೊಡಗಿತು. ಹಬ್ಬಕ್ಕೆ ಹಿಡಿ ಅಕ್ಕಿಯನ್ನು ಕಡ ತರುತ್ತಿದ್ದ ಮನೆಯಲ್ಲಿ ದಿನವೂ ಅನ್ನವಾಗುವುದು ಸಣ್ಣ ಮಾತಲ್ಲ. ಅಕ್ಕಿಯ ಬುತ್ತಿ ಉಳ್ಳವರ ಹೆಗಲಿನಿಂದ ಇಳಿದು ಎಲ್ಲರ ಹೆಗಲಿಗೂ ಬಂತು. ಅದನ್ನು ಸಂಸ್ಕೃತಿಯ ನಾಶವೆಂದು ಹಲುಬುವವರು ಹಸಿವನ್ನು ಕಂಡವರಲ್ಲ.

ಅತ್ತ ನವಣೆ ಮೂಲೆಗೆ ಸರಿಯಿತು. ಬಿತ್ತುವವರು ಕಡಿಮೆಯಾದರು, ಕುಟ್ಟಿ ಹೊಟ್ಟು ತೆಗೆಯುವ ಕಷ್ಟಕ್ಕೆ ಹೆಂಗಸರು ಬೇಸತ್ತದ್ದೂ ಸುಳ್ಳಲ್ಲ. ಬಳಿಕ ಪಟ್ಟಣದ ವೈದ್ಯರು ಸಿಹಿಮೂತ್ರದವರಿಗೆ ನವಣೆಯನ್ನು ಹೇಳತೊಡಗಿದರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಈಗ ಬೆಂಗಳೂರಿನ ಅಂಗಡಿಗಳಲ್ಲಿ ನವಣಕ್ಕಿ ಸೊಗಸಾದ ಪೊಟ್ಟಣದಲ್ಲಿ, ಸೋನಾಮಸೂರಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ಹುನಗುಂದದ ರೈತನ ಮನೆಯಲ್ಲಿ ಪಡಿತರದ ಅಕ್ಕಿಯ ಬುತ್ತಿ, ಜಯನಗರದ ಅಧಿಕಾರಿಯ ಮನೆಯಲ್ಲಿ ನವಣೆಯ ಮೊಸರನ್ನ! ಬೀಗರು ಬಂದಾಗ ಮಾತ್ರ ಅಕ್ಕಿಯ ಗಡಿಗೆಗೆ ಕೈ ಹಾಕುತ್ತಿದ್ದ ಹಿರಿಯಾಕೆ ಇದನ್ನು ಕಂಡಿದ್ದರೆ ನಗುತ್ತಿದ್ದಳೋ, ಗದರುತ್ತಿದ್ದಳೋ.

ನವನಗರದಲ್ಲಿಯೂ ಎಳ್ಳ ಅಮಾವಾಸ್ಯೆ ಬರುತ್ತದೆ. ಹೊಲ ಉಳಿದವರು ವಾಹನಗಳಲ್ಲಿ ಬುಟ್ಟಿಗಳನ್ನಿಟ್ಟುಕೊಂಡು ಹೊರಡುತ್ತಾರೆ. ಹೊಲ ಕಳೆದುಕೊಂಡವರನ್ನು ನಂಟರೋ ಗೆಳೆಯರೋ ತಮ್ಮ ಹೊಲಕ್ಕೆ ಕರೆಯುತ್ತಾರೆ. ಕರೆಯಲು ಯಾರೂ ಇಲ್ಲದವರು ಹಿನ್ನೀರಿನ ದಂಡೆಗೆ ಹೋಗುವುದುಂಟು. ಪುಷ್ಯಕ್ಕೆ ಮುಂಚಿನ ಆ ದಿನಗಳಲ್ಲಿ ನೀರು ಇನ್ನೂ ದಂಡೆಯ ಮೇಲೆಯೇ ಇರುತ್ತದೆ. ಮುತ್ತುಗದ ಎಲೆಯ ಬದಲು ಕಾಗದದ ತಟ್ಟೆ, ಎಮ್ಮೆಯ ಮೊಸರಿನ ಬದಲು ಪ್ಯಾಕೆಟ್ಟಿನದು. ಬಳ್ಳೊಳ್ಳಿಯ ಒಗ್ಗರಣೆ ಮಾತ್ರ ಅದೇ. ಮೊದಲ ತುತ್ತನ್ನು ತೆಗೆದು, ತಮ್ಮ ಬನ್ನಿಯ ಮರ ಯಾವ ದಿಕ್ಕಿಗಿತ್ತೆಂದು ಮಕ್ಕಳಿಗೆ ಕೈತೋರಿಸಿ, ಆ ಕಡೆಗೆ ನೀರಿನಲ್ಲಿ ಬಿಡುತ್ತಾರೆ. ಮೀನುಗಳು ಬರುತ್ತವೆ.